ಕೆಂಪು ಹಾವಸಿ ಸಾಕಿದ ಬಾಯಾರು, ನೀರು ಸುರುವಿದ ಹುಡುಗಿ

ಹಾವಸಿ ಅಂದ್ರ ನಮಗ ಬಚ್ಚಲದಾಗ, ಹಿತ್ತಲ ಹೌದಿನಾಗ ತಿಕ್ಕಿ ತಿಕ್ಕಿ ತಗಿಯೋ ವಸ್ತು. ಅದನ್ನ ರೊಕ್ಕಾ ಕೊಟ್ಟು ತಂದು, ಲೈಟ್ ಹಚ್ಚಿ, ಉಪ್ಪನೀರು ಕಲಿಸಿ ಬೆಳಸ್ತಾರ ಅಂದ್ರ ನಮ್ಮ ಓಣ್ಯಾಗ ಯಾರೂ ನಂಬೂದಿಲ್ಲ. ಆದ್ರ ಬೆಂಗಳೂರಾಗ ನಮ್ಮ ಅಕ್ಕನ ಮಗ ಖರೇನ ಹಂಗ ಮಾಡ್ಯಾನ. ಪಡಸಾಲ್ಯಾಗ ಉಪ್ಪನೀರಿನ ಅಕ್ವೇರಿಯಂ, ಅದರಾಗ ಎರಡು ಮೀನ, ಮೀನಕ್ಕಿಂತ ಹೆಚ್ಚು ಉಪಚಾರ ಕೆಂಪು ಹಾವಸಿಗೆ. ಸಮುದ್ರದಾಗಿಂದು ಅದು, ಗ್ರಾಸಿಲೇರಿಯಾ ಅಂತ ಹೆಸರು. ಬೀಟ್‌ರೂಟ್ ಹೆರದು ನೀರಾಗ ಬಿಟ್ಟಂಗ ಕಾಣ್ತದ. ಮೀನಿನ ಹೊಲಸಿನಿಂದ ನೀರಾಗ ಕೂಡೋ ನೈಟ್ರೇಟು, ಫಾಸ್ಫೇಟು ಹೀರ್ಕೋತದಂತ, ಹಿಂಗಾಗಿ ಉಪಯೋಗಾನೂ ಅದ, ಛಂದಾನೂ ಅದ.

ಈ ಚಟ ಮೊದಲು ಯಾರಿಗೆ ಹತ್ತಿತೋ ಅಂತ ಕೇಳಿದ್ರ ಅವ ಗಾಸ್ ಅನ್ನೋ ಇಂಗ್ಲಿಷ್ ಸಾಹೇಬರ ಹೆಸರು ಹೇಳಿದಾ. ನಾ ಮಧ್ಯಾಹ್ನ ಮನಿಗೆಲಸ ಮುಗದ ಮ್ಯಾಲೆ ಅದನ್ನ ಓದ್ಕೋತ ಹೋದೆ. ಓದ್ಕೋತ ಹೋದಂಗ ಗೊತ್ತಾತು, ಸಾಹೇಬರಕಿಂತ ಮೊದಲ ಒಬ್ಬ ಬಾಯಾರಿದ್ರು, ಬಾಯಾರ ಹಿಂದ ಒಬ್ಬಾಕಿ ಕೆಲಸದ ಹುಡುಗಿ ಇದ್ಲು ಅಂತ. ಅದಕ್ಕ ಈ ಕಥಿ ಸಾಹೇಬರಿಂದ ಶುರು ಮಾಡೂದಿಲ್ಲ ನಾನು.

ಇಂಗ್ಲೆಂಡಿನ ದಕ್ಷಿಣಕ್ಕ, ಡೆವನ್ ಸೀಮ್ಯಾಗ, ಟಾರ್ಕೀ ಅಂತ ಒಂದೂರು. ಸಮುದ್ರದ ದಂಡಿಗೆ ಬಂಡಿಗಲ್ಲು, ಭರತಿ ಇಳದ ಮ್ಯಾಲೆ ಕಲ್ಲಿನ ಕುಣಿಯೊಳಗ ನೀರು ನಿಂತಿರ್ತದ, ಅದರಾಗ ಹಸರು, ಕಂದು, ಕೆಂಪು ಹಾವಸಿ. ಆ ಊರಾಗ ಅಮೇಲಿಯಾ ಗ್ರಿಫಿತ್ಸ್ ಅಂತ ಒಬ್ಬ ಬಾಯಾರಿದ್ರು. ಹುಟ್ಟಿದ್ದು 1768. ಪಾದ್ರಿಯವರ ಹೆಂಡತಿ, 1802ರಾಗ ಗಂಡ ತೀರ್ಕೊಂಡ್ರು. ಮಕ್ಕಳನ್ನ ದೊಡ್ಡವರ ಮಾಡ್ಕೋತ, ದಂಡಿಗುಂಟ ಅಡ್ಡಾಡಿ ಹಾವಸಿ ಕೂಡಸ್ಲಿಕ್ಕೆ ಹತ್ತಿದ್ರು. ಅದೂ ಹೊತ್ತು ಹೋಗಲಿ ಅಂತ ಅಲ್ಲ. ಯಾವ ಹಾವಸಿ ಯಾವ ತಿಂಗಳದಾಗ ಬೀಜಾ ಕಟ್ತದ, ಯಾವುದು ಎಷ್ಟು ಆಳದಾಗ ಇರ್ತದ, ಎಲ್ಲಾ ಅವರಿಗೆ ಬಾಯಿಪಾಠ. ಸ್ವೀಡನ್ನಿನ ಪಂಡಿತ ಅಗಾರ್ಡ್ 1817ರಾಗ ಕೆಂಪು ಹಾವಸಿಯ ಒಂದು ಕುಲಕ್ಕ ಗ್ರಿಫಿತ್ಸಿಯಾ ಅಂತ ಇವರದ ಹೆಸರಿಟ್ಟರು. ಐರ್ಲೆಂಡಿನ ದೊಡ್ಡ ಸಸ್ಯಶಾಸ್ತ್ರಜ್ಞ ಹಾರ್ವಿ 1841ರಾಗ ಬರೆದ ಹಾವಸಿಯ ಪುಸ್ತಕಾನ್ನ ಇವರಿಗೇ ಅರ್ಪಣೆ ಮಾಡಿದರು.

ಆದ್ರ ನನಗ ಇವರಕಿಂತ ಹೆಚ್ಚು ಹಿಡಿಸಿದಾಕಿ ಮೇರಿ ವಯಟ್. ಈಕಿ ಮೊದಲು ಗ್ರಿಫಿತ್ಸ್ ಬಾಯಾರ ಮನ್ಯಾಗ ಕೆಲಸಕ್ಕಿದ್ಲು. ಬಾಯಾರ ಜೋಡಿ ದಂಡಿಗೆ ಹೋಗಿ ಹೋಗಿ ಹಾವಸಿ ಗುರ್ತು ಹಿಡಿಯೂದು, ಹಾಳಿ ಮ್ಯಾಲೆ ಹರಡಿ ಒಣಗಸೂದು ಎಲ್ಲಾ ಕಲತು, ಆಮ್ಯಾಲೆ ಟಾರ್ಕ್ಯಾಗ ತಂದೇ ಒಂದು ಚಿಪ್ಪಿನ ಅಂಗಡಿ ಇಟ್ಲು. 1833ರಿಂದ ಒಂದು ಪುಸ್ತಕ ಹೊರಗ ತಂದ್ಲು ನೋಡ್ರಿ, ಅದರಾಗ ಚಿತ್ರ ಇಲ್ಲ, ಖರೇ ಹಾವಸೀನ ಒಂದೊಂದು ಹಾಳಿಗೆ ಹಚ್ಚಿದ್ದು, ಕೆಳಗ ಹೆಸರು. ದಪ್ಪ ದಪ್ಪ ಸಂಪುಟ. ಪಂಡಿತರು ಅದನ್ನ ಇಟ್ಕೊಂಡು ತಮ್ಮ ಅಭ್ಯಾಸ ಮಾಡ್ತಿದ್ರು. ಕೆಲಸಕ್ಕಿದ್ದಾಕಿ ಹೆಸರು ಪುಸ್ತಕದ ಮ್ಯಾಲೆ ಬಂತು. ಇದನ್ನ ಸ್ವಲ್ಪ ನೆನಪಿಟ್ಕೋರಿ.

ಇವರೆಲ್ಲಾ ಹಾವಸೀನ ಒಣಗಿಸಿ ಇಟ್ಟವರು. ಜೀವಂತ ಇಡೂದು ಬ್ಯಾರೆ ಮಾತು. ಜೀವಂತ ಜಲಚರ ಗಾಜಿನಾಗ ಇಟ್ಟು ನೋಡಿದ ಮೊದಲಿನವರಾಗ ಒಬ್ಬಾಕಿ ಫ್ರಾನ್ಸಿನ ಝಾನ್ ವಿಲ್‌ಪ್ರೋ ಪವರ್. ಆಕೀನೂ ಮೂಲತಃ ಅರಿವಿ ಹೊಲಿಯಾಕಿ, ರಾಜಕುಮಾರಿಯ ಮದುವಿ ಅರಿವಿ ಹೊಲದು ಹೆಸರು ಮಾಡಿದಾಕಿ. ಮದುವ್ಯಾಗಿ ಸಿಸಿಲಿಯ ಮೆಸ್ಸಿನಾಕ್ಕ ಹೋದ ಮ್ಯಾಲೆ, 1832ರಾಗ ಗಾಜಿನ ಪೆಟ್ಟಿಗಿ ಮಾಡ್ಸಿ ಸಮುದ್ರದ ಪ್ರಾಣಿ ಅದರಾಗ ಬಿಟ್ಟು ಅಭ್ಯಾಸ ಮಾಡಿದ್ಲು. ಆದ್ರ ಆಕಿ ಇದ್ದದ್ದು ಸಮುದ್ರದ ದಂಡಿಗೇ, ನೀರಿಗೆ ಬರ ಇರಲಿಲ್ಲ. ಸಮುದ್ರದಿಂದ ದೂರ, ಊರ ನಡಬರಕ ಇಟ್ಟು ಸಾಕಬೇಕಂದ್ರ ಹ್ಯಾಂಗ? ಅಲ್ಲೇ ಇರೂದು ತೊಡಕು.

ಅದನ್ನ ಮಾಡಿ ತೋರಿಸಿದಾಕಿ ಆ್ಯನಾ ಥಿನ್. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ದೊಡ್ಡ ಪಾದ್ರಿಗಳಾಗ ಒಬ್ಬರು. 1846ರಾಗ ಆಕಿ ಟಾರ್ಕೀಕ್ಕ ಹೋದಾಗ ಅಲ್ಲಿಯ ಸಣ್ಣ ಹವಳದ ಹುಳಾ ಕಣ್ಣಿಗೆ ಬಿದ್ದು ಮನಸ್ಸಿಗೆ ಹತ್ತಿದ್ವು. ಕಲ್ಲಿನಂಥಾ ಬಟ್ಟಲ, ಅದರಾಗಿಂದ ಹೂವಿನ ಎಸಳಿನಂಗ ತೋಳು ಹೊರಗ ಚಾಚ್ತಾವ. ಅವನ್ನ ಲಂಡನ್ನಿಗೆ ಒಯ್ಯಬೇಕು ಅಂತ ಹಟಾ ಹಿಡದ್ಲು. ದಾರ್ಯಾಗ ಉಳ್ಳಾಡಬಾರದಂತ ಸೂಜಿ-ದಾರ ತಗೊಂಡು ಅವನ್ನ ಒಂದು ಸ್ಪಂಜಿಗೆ ಹೊಲದು, ಭರಣ್ಯಾಗ ಸಮುದ್ರದ ನೀರು ತುಂಬಿ ಒಯ್ದ್ಲು. ಪಂಡಿತರಿಗೆ ಇದು ಹೊಳೀತಿತ್ತೋ ಇಲ್ಲೋ, ನನಗ ಸಂಶಯ. ಸೂಜಿ-ದಾರ ದಿನಾ ಕೈಯಾಗ ಹಿಡಿಯೋರಿಗೇ ಹೊಳಿಯೋ ಉಪಾಯ ಅದು.

ಲಂಡನ್ನಿನಾಗ ಮುಂದಿನ ತ್ರಾಸ. ನಿಂತ ಸಮುದ್ರದ ನೀರು ಬ್ಯಾಗನ ಕೆಟ್ಟು ನಾರ್ತದ. ನೀರಾಗಿನ ಆಮ್ಲಜನಕ ಪ್ರಾಣಿ ಎಳಕೋತಾವ, ಹೊಸಾದು ಕೂಡಬೇಕಂದ್ರ ಅಲೆ ಇಲ್ಲ. ದಂಡೀಲಿಂದ ನೀರು ತರಸೂದು ಸಾಕಾಗಲಿಲ್ಲ. ಆಗ ಬಾಯಾರಿಗೆ ಹೊಳದದ್ದು, ನೀರನ್ನ ಒಂದು ಭಾಂಡಿಯಿಂದ ಇನ್ನೊಂದಕ್ಕ ಎತ್ತಿ ಎತ್ತಿ ಸುರುವೂದು, ಅದೂ ತಗದ ಕಿಡಕಿ ಮುಂದ, ಗಾಳಿ ಆಡೋ ಜಾಗಾದಾಗ. ನಾವು ಬಿಸಿ ಹಾಲು ಆರಸ್ಲಿಕ್ಕೆ ವಾಟಿಯಿಂದ ವಾಟಿಗೆ ಎತ್ತಿ ಸುರುವ್ತೀವಲ್ಲ, ಹಂಗ. ಬೀಳೋ ನೀರಿನ ಜೋಡಿ ಗಾಳಿ ಒಳಗ ಹೋಗ್ತದ, ಕರಗ್ತದ. ನೀರು ಮತ್ತ ಜೀವಾ ಹಿಡೀತದ. ಅರ್ಧಾ ತಾಸು, ಮುಕ್ಕಾಲು ತಾಸು ಸುರುವಬೇಕು. ಒಮ್ಮೆ ಅಲ್ಲ, ನೀರು ಬದಲು ಮಾಡಿದಾಗೊಮ್ಮೆ.

ಸುರುವಿದವರು ಯಾರು? ಬಾಯಾರಲ್ಲ. ಅದನ್ನ ಅವರ ಬರದಾರ. ತಮ್ಮ ಹತ್ರ ಒಬ್ಬಾಕಿ ಸಣ್ಣ ಕೆಲಸದ ಹುಡುಗಿ ಇದ್ಲು, ಕೆಲಸೇನೋ ದಣಿವಿಂದೇ, ಆದ್ರ ಆಕಿಗೆ ತಮ್ಮನ್ನ ಖುಷಿ ಇಡೋ ಆಶಾ ಇತ್ತು, ಮ್ಯಾಲೆ ಅದು ಒಂದು ಆಟಾ ಅನಸ್ತಿತ್ತು ಅನ್ನೋ ಅರ್ಥದ ಮಾತು ಅವರ ಬರಹದಾಗ ಬರ್ತದ. ಹುಡುಗಿ ಹೆಸರು ಬರೂದಿಲ್ಲ.

ನಾ ಇದನ್ನ ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ನಮ್ಮ ಕಡೆ ಎಂಟು ದಿನಕ್ಕೊಮ್ಮೆ ನಳಾ ಬರ್ತಿದ್ದ ಕಾಲದಾಗ ಕೊಡಾ ಎತ್ತಿ ಹೌದು ತುಂಬಿದವರಿಗೆ ಗೊತ್ತು, ಮುಕ್ಕಾಲು ತಾಸು ನೀರು ಎತ್ತಿದ್ರ ಭುಜದ ಗತಿ ಏನು ಅಂತ. ಒಂದು ಸಣ್ಣ ಬಕೇಟ್ ನೀರು ಅಂದ್ರೂ ಹತ್ತು ಕಿಲೋ. ಚಳಿ ದೇಶ, ಕಿಡಕಿ ತಗದದ್ದು, ಕೈಯೆಲ್ಲಾ ಉಪ್ಪನೀರು. ಆಟಾ ಅನಸ್ತಿತ್ತು ಅಂತ ಬಾಯಾರಂದ್ರು. ಅನಸಿದ್ರೂ ಅನಸಿರಬಹುದು ಬಿಡ್ರಿ, ಸಣ್ಣ ಹುಡುಗಿ, ಭಾಂಡಿ ತಿಕ್ಕೂದಕಿಂತ ಹವಳ ನೋಡೂದು ಛಲೋ ಇದ್ದೀತು. ಆದ್ರ ಕೇಳಿದವರು ಯಾರು?

ಮರುವರ್ಷ 1847ರ ವಸಂತದಾಗ ಥಿನ್ ಬಾಯಾರು ಇನ್ನೊಂದು ವಿಚಾರ ಮಾಡಿದ್ರು. ಗಿಡಾ ಇದ್ದಲ್ಲಿ ಗಾಳಿ ಶುದ್ಧ ಆಗ್ತದ, ಹಂಗಾದ್ರ ಸಮುದ್ರದ ನೀರಿಗೆ ಸಮುದ್ರದ್ದೇ ಗಿಡಾ ಯಾಕ ಹಾಕಬಾರದು? ಟಾರ್ಕೀಯಿಂದ ಹಾವಸಿ ಬೆಳದ ಕಲ್ಲಿನ ಚೂರು ತರಿಸಿ ನೀರಾಗ ಬಿಟ್ರು. ಹಾವಸಿ ಬೆಳಕಿನಾಗ ಆಮ್ಲಜನಕ ಬಿಡ್ಲಿಕ್ಕೆ ಹತ್ತಿತು. ನೀರು ಸುರುವೂದು ಒಮ್ಮೆಲೇ ನಿಲ್ಲಲಿಲ್ಲ, ಆದ್ರ ದಂಡೀಲಿಂದ ನೀರು ತರಸೂದು ತಪ್ಪಿತು. ಹತ್ತಹತ್ರ ಮೂರು ವರ್ಷ ಲಂಡನ್ನಿನ ನಡುವ ಆ ಉಪ್ಪನೀರು, ಹವಳ, ಹಾವಸಿ ಬಾಳಿದ್ವು. ಇದರ ಬಗ್ಗೆ ಅವರ ಬರಹ ಅಚ್ಚಾದದ್ದು ಮಾತ್ರ 1859ರಾಗ, ಗಾಸ್ ಸಾಹೇಬರ ಟಿಪ್ಪಣಿ ಜೋಡಿ. ಅಷ್ಟರಾಗ ಹೆಸರು ಬ್ಯಾರೆಯವರದಾಗಿತ್ತು.

ಬ್ಯಾರೆಯವರೂ ಸುಮ್ಮನ ಕೂತವರಲ್ಲ, ಅವರ ಕೆಲಸಾನೂ ಹೇಳಬೇಕು. ರಾಬರ್ಟ್ ವಾರಿಂಗ್ಟನ್ ಅಂತ ಲಂಡನ್ನಿನ ಒಬ್ಬ ರಸಾಯನಶಾಸ್ತ್ರಜ್ಞರು 1849ರಾಗ ಸಿಹಿನೀರಿನ ತೊಟ್ಯಾಗ ಬಂಗಾರದ ಮೀನ, ನೀರಿನ ಹುಲ್ಲು ಇಟ್ರು. ಹುಲ್ಲಿನ ಎಲಿ ಕೊಳತು ನೀರು ಕೆಡ್ಲಿಕ್ಕೆ ಹತ್ತಿತು. ಆಗ ಶಂಖದ ಹುಳಾ ಬಿಟ್ರು, ಅವು ಕೊಳತದ್ದನ್ನ ತಿಂದು ಸ್ವಚ್ಛ ಮಾಡಿದ್ವು. ಮೀನ ಬಿಟ್ಟದ್ದು ಹುಲ್ಲಿಗೆ, ಹುಲ್ಲು ಬಿಟ್ಟದ್ದು ಮೀನಿಗೆ, ಉಳದದ್ದು ಶಂಖದ ಹುಳಕ್ಕ. ಇದನ್ನ ಲೆಕ್ಕಾಚಾರದಿಂದ ಬರದು 1850ರಾಗ ಪ್ರಕಟಿಸಿದರು. ಮುಂದ ಸಮುದ್ರದ ನೀರಿಗೂ ಅದನ್ನೇ ಹಚ್ಚಿ ನೋಡಿದ್ರು. ಅದೇ ಹೊತ್ತಿಗೆ ಫಿಲಿಪ್ ಹೆನ್ರಿ ಗಾಸ್ ಡೆವನ್ ದಂಡ್ಯಾಗ ಹುಳಾ-ಹಾವಸಿ ಕೂಡಸ್ತಿದ್ರು. 1853ರಾಗ ಲಂಡನ್ ಮೃಗಾಲಯದಾಗ ಮೀನಿನ ಮನಿ ತಗದಾಗ ಪ್ರಾಣಿ ಕೊಟ್ಟವರಾಗ ಅವರೂ ಒಬ್ಬರು. 1854ರಾಗ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ನಾವೀಗ ಅನ್ನೋ ಅರ್ಥದಾಗ ಆ ಶಬ್ದ ಮನಿ ಮನಿ ಮಾತಾದದ್ದು ಆ ಪುಸ್ತಕದಿಂದ.

ಗಾಸ್ ಸಾಹೇಬರು ಸಮುದ್ರದ ನೀರು ಸಿಗದವರಿಗೆ ಅಂತ ಒಂದು ಕೃತಿ ಕೊಟ್ಟಾರ, ಥೇಟ ಉಪ್ಪಿನಕಾಯಿ ಅಳತಿ ಬರದಂಗ. ಅವರ ಔನ್ಸು, ಗ್ರೇನು ನಾ ನಮ್ಮ ತೂಕಕ್ಕ ತಿರುವಿ ನೋಡಿದೆ. ನಾಕೂವರಿ ಲೀಟರ್ ನೀರಿಗೆ ಅಡಗಿ ಉಪ್ಪು ಸುಮಾರು 100 ಗ್ರಾಂ, ಎಪ್ಸಂ ಸಾಲ್ಟ್ 7 ಗ್ರಾಂ, ಮ್ಯಾಗ್ನೀಶಿಯಂ ಕ್ಲೋರೈಡ್ 13 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ ಎರಡೂವರಿ ಗ್ರಾಂ. ಬರೇ ಅಡಗಿ ಉಪ್ಪು ಹಾಕಿದ್ರ ಸಮುದ್ರ ಆಗೂದಿಲ್ಲ, ಮ್ಯಾಗ್ನೀಶಿಯಂ ಬೇಕೇ ಬೇಕು ಅನ್ನೂದು ಆಗಲೇ ಅವರಿಗೆ ತಿಳದಿತ್ತು. ಇದೇ ಲೆಕ್ಕಕ್ಕ ಇನ್ನಷ್ಟು ಸೇರಿಸಿದ್ದನ್ನ ಈಗ ಪಾಕೀಟಿನಾಗ ಮಾರ್ತಾರ, ನಮ್ಮ ಹುಡುಗ ತರೂದೂ ಅಂಥಾದ್ದೇ. ಕಿಮ್ಮತ್ತು ಕೇಳಿದ್ರ ನಮ್ಮ ಮನಿ ತಿಂಗಳ ಕಿರಾಣಿ ನೆನಪಾಗ್ತದ.

ಇನ್ನ ಕೆಂಪು ಹಾವಸಿ ವಿಷಯಕ್ಕ ಬರೂಣು. ಎಲ್ಲಾರಿಗೂ ಆಶಾ ಅದರ ಮ್ಯಾಲೇ ಇತ್ತು, ಯಾಕಂದ್ರ ಅದರಷ್ಟು ಛಂದ ಬ್ಯಾರೆ ಇಲ್ಲ. ಕೆಲವು ಜರಿಯಂಗ ಬಾರಿಕ, ಕೆಲವು ರೇಶ್ಮಿ ರಿಬ್ಬನ್ನಿನಂಗ. ಆದ್ರ ಮನ್ಯಾಗ ಬಾಳ್ತಿದ್ದದ್ದು ಹಸರು ಹಾವಸಿ. ಹಸರಿಂದು ದುಡಿಯೋ ಸ್ವಭಾವ, ಎಲ್ಲಿಟ್ರೂ ಬೆಳೀತದ, ಆಮ್ಲಜನಕ ಬಿಡ್ತದ. ಕೆಂಪಿಂದು ಭಾಳ ನಾಜೂಕು. ಅದರ ಕಾರಣ ಬಣ್ಣದಾಗೇ ಅದ. ಕೆಂಪು ಹಾವಸ್ಯಾಗ ಎಲ್ಲಾ ಗಿಡದಾಗ ಇರೋ ಹಸರು ಬಣ್ಣಾನೂ ಇರ್ತದ, ಅದರ ಮ್ಯಾಲೆ ಫೈಕೋಎರಿಥ್ರಿನ್ ಅನ್ನೋ ಕೆಂಪು ಬಣ್ಣ ಮುಚ್ಚಿರ್ತದ. ಸಮುದ್ರದ ಆಳಕ್ಕ ಹೋದಂಗೆಲ್ಲಾ ಸೂರ್ಯನ ಬೆಳಕಿನಾಗಿನ ಕೆಂಪು ಮೊದಲು ಹೀರಿ ಹೋಗ್ತದ, ಉಳಿಯೂದು ನೀಲಿ-ಹಸರು. ಆ ಉಳದ ಬೆಳಕನ್ನ ಹಿಡದು ಬದುಕ್ಲಿಕ್ಕೆ ಈ ಕೆಂಪು ಬಣ್ಣ ಬೇಕು. ಅಂದ್ರ ಅದು ಕತ್ತಲಿ ಖೋಲ್ಯಾಗ ಸಂಸಾರ ಮಾಡಿ ರೂಢಿ ಇದ್ದಾಕಿ. ಅಂಥಾಕಿನ್ನ ತಂದು ಲಂಡನ್ ಮಂದಿ ಕಿಡಕಿ ಬಿಸಲಿಗೆ ಇಟ್ರು, ಪಡಸಾಲಿ ಶೋಭಾ ಕಾಣಲಿ ಅಂತ. ಬಿಸಲಿಗೆ ನೀರು ಕಾಯ್ತು, ಗಾಜಿಗೆಲ್ಲಾ ಹಸರು ಹಾವಸಿ ಹತ್ತಿತು, ಕೆಂಪಿನ್ನ ಮುಚ್ಚಿತು, ಕೆಂಪು ಬೆಳ್ಳಗಾತು.

ಇನ್ನೊಂದು, ಆ ಬಣ್ಣ ನೀರಾಗ ಕರಗೋ ಜಾತಿ. ಹಾವಸಿ ಜೀವಂತ ಇರೂತನಕಾ ಒಳಗಿರ್ತದ. ಸಾಯ್ಲಿಕ್ಕೆ ಹತ್ತಿತು ಅಂದ್ರ ಹೊಸಾ ಕೆಂಪು ಖಣಾ ಮೊದಲನೇ ಒಗ್ಯಾಣದಾಗ ಬಣ್ಣ ಬಿಟ್ಟಂಗ ನೀರಿಗೆ ಇಳೀತದ. ಗ್ರಿಫಿತ್ಸ್ ಬಾಯಾರ ಹೆಸರಿಂದು ಅದಲ್ಲ, ಗ್ರಿಫಿತ್ಸಿಯಾ, ಅದನ್ನ ಸಿಹಿನೀರಾಗ ಅದ್ದಿದ್ರ ಸಣ್ಣಗ ಚಟಚಟ ಸಪ್ಪಳ ಮಾಡಿ ಒಡದು ಬಣ್ಣ ಬಿಡ್ತದ. ಒಣಗಸೋರಿಗೂ ಇದೇ ಚಿಂತಿ, ಸಾಕೋರಿಗೂ ಇದೇ ಚಿಂತಿ.

ಮೂರನೇದು, ಹಾವಸಿಗೆ ಬೇರಿಲ್ಲ. ಕಲ್ಲಿಗೆ ಅಂಟ್ಕೊಂಡು ನಿಂತಿರ್ತದ, ಊಟ ಮೈಯೆಲ್ಲಾದರಿಂದ ಹೀರ್ತದ. ಕಿತ್ತು ತಂದ್ರ ಬದುಕೂದು ಕಷ್ಟ. ಹಿಂಗಾಗಿ ಕಲ್ಲಿನ ಚೂರಿನ ಸಮೇತ ತರ್ರಿ ಅಂತ ಪುಸ್ತಕದವರು ಹೇಳಿದ್ರು. ಗಾಸ್ ಸಾಹೇಬರು ಸುತ್ತಿಗಿ-ಉಳಿ ತಗೊಂಡೇ ದಂಡಿಗೆ ಹೋಗ್ತಿದ್ರು. ಅವರೊಬ್ಬರು ಮಾಡಿದ್ರ ಸಮುದ್ರಕ್ಕೇನೂ ಆಗ್ತಿರಲಿಲ್ಲ. ಆದ್ರ ಅವರ ಪುಸ್ತಕ ಓದಿದವರೆಲ್ಲಾ ರೇಲ್ವೆ ಹತ್ತಿ ದಂಡಿಗೆ ಹೊಂಟ್ರು. 1845ರಾಗ ಗಾಜಿನ ಮ್ಯಾಲಿನ ತೆರಿಗಿ ತಗದಿದ್ರು, ಗಾಜು ಸೋವಿ ಆಗಿತ್ತು. ಮಾರ್ಗರೆಟ್ ಗ್ಯಾಟಿ ಅನ್ನೋ ಬಾಯಾರು 1863ರಾಗ ಬರದ ಹಾವಸಿ ಪುಸ್ತಕದಾಗ ಹೆಣಮಕ್ಕಳಿಗೆ ಗಂಡು ಹುಡುಗರ ಬೂಟು ಹಾಕ್ಕೋರಿ, ಲಂಗಾ ಗಿಡ್ಡ ಮಾಡ್ಕೋರಿ ಅಂತ ಬುದ್ಧಿ ಹೇಳ್ಯಾರ. ಆ ಕಾಲಕ್ಕ ಅದು ಸಣ್ಣ ಮಾತಲ್ಲ, ಓದಿ ನನಗ ಖುಷಿ ಆತು. ಆದ್ರ ಬೂಟು ಹಾಕ್ಕೊಂಡು ಹೋದವರ ಬುಟ್ಟಿ ಖಾಲಿ ಬರಲಿಲ್ಲ. ಗಾಸ್ ಸಾಹೇಬರ ಮಗ ಎಡ್ಮಂಡ್ 1907ರಾಗ ತಮ್ಮ ಆತ್ಮಕಥಿಯೊಳಗ ಬರದಾರ, ತಾವು ಸಣ್ಣವರಿದ್ದಾಗ ತಂದಿ ಜೋಡಿ ನೋಡಿದ ಆ ಕುಣಿಗಳ ಸೊಬಗು ಕೂಡಸೋ ಮಂದಿ ಕೈಯಾಗ ಹಾಳಾತು, ತಂದಿಗೆ ಅದರ ನೋವು ಭಾಳ ಆತು ಅಂತ.

ಊರಾಗ ತಂದಿಟ್ಟದ್ದರೆ ಉಳೀತೇನು? ಅದೂ ಇಲ್ಲ. ವುಡ್ ಅನ್ನೋ ಪಾದ್ರಿ 1868ರಾಗ ಬರಿಯೋ ಹೊತ್ತಿಗೆ ಆ ಜ್ವರಾ ಇಳದು, ಹತ್ತರಾಗ ಒಂಬತ್ತು ಮನ್ಯಾಗ ತೊಟ್ಟಿ ಖಾಲಿ ಬಿದ್ದಿದ್ವು. ತೂಕ ತಪ್ಪಿತು, ಬೆಳಕು ಹೆಚ್ಚಾತು ಅಂತ ಪುಸ್ತಕದಾಗ ಕಾರಣ ಇರ್ತಾವ. ನಾ ಒಂದು ಸೇರಸ್ತೀನಿ. ಉಪ್ಪನೀರಿನ ತೊಟ್ಟಿ ಅಂದ್ರ ದಿನದ ಕೆಲಸ. ಆರಿದ ನೀರಿನಷ್ಟು ಸಿಹಿನೀರು ತುಂಬಬೇಕು, ಸತ್ತದ್ದು ತಗೀಬೇಕು, ಗಾಜು ಒರಸಬೇಕು, ನೀರು ಅಲಗಾಡಸಬೇಕು. ಹುರುಪು ಯಜಮಾನರದು, ಕೆಲಸ ಮನಿ ಹೆಂಗಸರದು, ಇಲ್ಲಾ ಆಳಿಂದು. ಹುರುಪು ಆರು ತಿಂಗಳಿಗೆ ಇಳೀತದ, ಕೆಲಸ ಇಳಿಯೂದಿಲ್ಲ. ಥಿನ್ ಬಾಯಾರ ಹವಳ ಮೂರು ವರ್ಷ ಬದುಕಿದ್ದರಾಗ ಆ ಹುಡುಗಿ ತೋಳಿನ ಪಾಲು ಎಷ್ಟಿತ್ತು ಅನ್ನೂದು ಈಗ ಪಂಪಿನ ಕರೆಂಟು ಹೋದಾಗ ತಿಳೀತದ.

ಅಂತೂ ಕೆಂಪು ಹಾವಸಿ ಶೋಭಾದ ಲೆಕ್ಕದಾಗ ಸೋತಿತು. ಆದ್ರ ಅದೇ ಕುಲದ್ದು ನಮ್ಮ ಅಡಗಿಮನ್ಯಾಗ ಮೊದಲಿಂದಾನೂ ಅದ. ಪುಡಿಂಗಿಗೆ ಹಾಕೋ ಚೈನಾ ಗ್ರಾಸ್ ಅಂದ್ರ ಕೆಂಪು ಹಾವಸಿ ಕುದಿಸಿ ತಗದ ಅಗರ್. ತಮಿಳುನಾಡಿನ ಮನ್ನಾರ್ ಕೊಲ್ಲಿಯೊಳಗ ಹೆಣಮಕ್ಕಳು ಮುಳುಗಿ ಅಂಥಾ ಹಾವಸಿ ಕಿತ್ತು ಹೊಟ್ಟಿ ಹೊರೀತಾರ. ಉಪ್ಪನೀರಿನ ತೊಟ್ಯಾಗ ಕೆಂಪು ಹಾವಸಿ ಸಾಕಿದ್ದರ ಖರೇ ಫಲಾನೂ ಒಂದು ಹೊಟ್ಟಿ ಮಾತಿನಿಂದನ ಬಂತು, ಅದು ನೂರು ವರ್ಷ ಆದ ಮ್ಯಾಲೆ.

ಕ್ಯಾಥಲೀನ್ ಡ್ರೂ 1901ರಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮ್ಯಾಗ ಹುಟ್ಟಿದಾಕಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಾಗ ಓದಿ ಅಲ್ಲೇ ಕಲಸ್ಲಿಕ್ಕೆ ಹತ್ತಿದ್ಲು. 1928ರಾಗ ಅಲ್ಲೇ ಕಲಸ್ತಿದ್ದ ಎಂಜಿನಿಯರ್ ರೈಟ್ ಬೇಕರ್ ಅವರನ್ನ ಮದುವ್ಯಾದ್ಲು. ಮದುವ್ಯಾದ ಹೆಂಗಸರನ್ನ ಪಗಾರದ ಮ್ಯಾಲೆ ಇಟ್ಕೋಬಾರದು ಅನ್ನೋ ಕಟ್ಟಳಿ ಇತ್ತು, ನೌಕರಿ ಹೋತು. ಪಗಾರಿಲ್ಲದ ಸಂಶೋಧಕಿ ಅಂತ ಮುಂದುವರದ್ಲು. ಎರಡು ಮಕ್ಕಳು, ಮನಿ, ಜೋಡಿಗೆ ಕೆಂಪು ಹಾವಸಿ. ಗಂಡ ಆಕಿಗೆ ಭರತಿ-ಇಳಿತ ಆಗೋ ತೊಟ್ಟಿ ಒಂದನ್ನ ಮಾಡಿ ಕೊಟ್ರು, ಸಮುದ್ರದ ದಂಡಿಯಂಗ ನೀರು ಏರೂದು, ಇಳಿಯೂದು.

ಆಕಿ ಹಿಂದ ಬಿದ್ದದ್ದು ಪೋರ್ಫೈರಾ ಅನ್ನೋ ಕೆಂಪು ಹಾವಸಿಗೆ, ಎಲಿಯಂಗ ತೆಳ್ಳಗಿರ್ತದ. ವೇಲ್ಸಿನ ಮಂದಿ ಅದನ್ನ ಕುದಿಸಿ ತಿಂತಾರ. ಅದು ಬ್ಯಾಸಿಗ್ಯಾಗ ಕಾಣಸ್ತಿರಲಿಲ್ಲ, ಬೀಜಾ ಎಲ್ಲಿ ಹೋಗ್ತಾವ ಅಂತ ಯಾರಿಗೂ ತಿಳೀತಿರಲಿಲ್ಲ. ಡ್ರೂ ಬಾಯಾರು ನೋಡಿದ್ರು, ಬೀಜಾ ಚಿಪ್ಪಿನ ಒಳಗ ಕೊರದು ಹೋಗಿ, ಗುಲಾಬಿ ಎಳಿ ಆಗಿ ಕೂಡ್ತಾವ. ಆ ಗುಲಾಬಿ ಕಲೀನ ಪಂಡಿತರು ಅಲ್ಲೀತನಕಾ ಬ್ಯಾರೇನ ಹಾವಸಿ ಅಂತ ತಿಳದು ಕಾಂಕೊಸಿಲಿಸ್ ಅಂತ ಬ್ಯಾರೆ ಹೆಸರು ಇಟ್ಟಿದ್ರು. ಎರಡೂ ಒಂದೇ ಅಂತ 1949ರಾಗ ‘ನೇಚರ್’ ಪತ್ರಿಕೆಯೊಳಗ ಸಣ್ಣದೊಂದು ಲೇಖನ ಬರದ್ರು.

ಇದೇ ಪೋರ್ಫೈರಾದ ಬಳಗದ್ದೇ ಜಪಾನಿನವರ ನೋರಿ. ಅಲ್ಲಿ ಬೆಳಿಯೋರು ಸಮುದ್ರದಾಗ ಬಲಿ ಕಟ್ಟಿ, ಬೀಜಾ ಬಂದು ಕೂಡಲಿ ಅಂತ ದೇವರ ಮ್ಯಾಲೆ ಭಾರ ಹಾಕಿ ಕಾಯ್ತಿದ್ರು. ಕೂತ್ರ ಬೆಳಿ, ಇಲ್ಲಾಂದ್ರ ಸಾಲ. ಯುದ್ಧ ಮುಗದ ಮ್ಯಾಲಿನ ವರ್ಷಗಳಾಗ ಬೆಳಿ ಕೈಕೊಟ್ಟು ಭಾಳ ಮನಿ ಕಂಗಾಲಾದ್ವು. ಆ ಲೇಖನ ಓದಿದ ಕ್ಯೂಶೂವಿನ ವಿಜ್ಞಾನಿ ಸೆಗಾವಾ ಮತ್ತ ಅವರ ಜೋಡಿಯವರು ತಮ್ಮ ನೋರೀನೂ ಹಂಗ ಅಂತ ಕಂಡ್ಕೊಂಡ್ರು. ಆವಾಗಿಂದ ಬ್ಯಾಸಿಗ್ಯಾಗ ಉಪ್ಪನೀರಿನ ತೊಟ್ಯಾಗ ಚಿಪ್ಪು ಇಟ್ಟು ಅದರಾಗ ಬೀಜಾ ಬೆಳಸೂದು, ಚಳಿ ಬೀಳೂ ಮುಂದ ಬಲಿಗೆ ಹಚ್ಚೂದು ಶುರುವಾತು.

ಡ್ರೂ ಬಾಯಾರು 1957ರಾಗ ತೀರ್ಕೊಂಡ್ರು. ಜಪಾನಿಗೆ ಒಮ್ಮೆಯೂ ಹೋಗಿರಲಿಲ್ಲ. 1963ರಾಗ ಕುಮಾಮೊಟೊ ಸೀಮಿಯ ಉಟೊ ಊರಾಗ, ಸಮುದ್ರ ಕಾಣೋ ಗುಡಿ ಜಾಗಾದಾಗ, ನೋರಿ ಬೆಳಿಯೋರು ರೊಕ್ಕಾ ಕೂಡಿಸಿ ಆಕಿ ನೆನಪಿಗೆ ಕಲ್ಲು ನಿಲ್ಲಿಸಿದ್ರು. ಪ್ರತಿ ವರ್ಷ ಏಪ್ರಿಲ್ 14ಕ್ಕ ಅಲ್ಲಿ ಸೇರ್ತಾರ. ಸಮುದ್ರದ ತಾಯಿ ಅಂತ ಕರೀತಾರ.

ನೋರಿ ಹಾಳಿ ಈಗ ನಮ್ಮ ಕಡೆ ದೊಡ್ಡ ಅಂಗಡ್ಯಾಗೂ ಸಿಗ್ತದ. ಹುರೀದೇ ಇದ್ದದ್ದು ಸಿಕ್ರ ತಗೊಂಡು ನೋಡ್ರಿ. ಕಪ್ಪು-ನೇರಳಿ ಬಣ್ಣ ಇರ್ತದ. ಸಣ್ಣ ಉರಿ ಮ್ಯಾಲೆ ಹಪ್ಪಳದಂಗ ಎರಡೂ ಕಡೆ ತೋರಿಸಿ, ಬೆಳಕಿಗೆ ಹಿಡೀರಿ. ಕೆಂಪು ಸುಟ್ಟು ಹೋಗಿ, ಅದರ ಕೆಳಗಿದ್ದ ಹಸರು ಕಾಣಸ್ತದ. ನಮ್ಮ ಮನಿಯವರು ಒಂದು ಚೂರು ಬಾಯಾಗಿಟ್ಟು, ಬಚ್ಚಲ ಹೌದಿನ ವಾಸನಿ ಅಂದ್ರು. ನಾ ಅನ್ನದ ಜೋಡಿ ತಿಂದೆ, ಸ್ವಲ್ಪ ಎಣ್ಣಿ-ಉಪ್ಪು ಹಚ್ಚಿದ್ರ ಅಡ್ಡಿಯಿಲ್ಲ.